ವಿಶಿ ಅಂದರೆ ಬರೀ ಸ್ಕ್ವೇರ್ ಕಟ್ ಅಲ್ಲ, ಸೆಲೆಕ್ಟರ್ ಆಗಿದ್ದ ನಾಲ್ಕು ವರ್ಷದ ಬಗ್ಗೆಯೂ ಮಾತಾಡೋಣ

ಸ್ಕ್ವೇರ್‌ಕಟ್_ಪ್ರಿಯ:

ವಿಶಿ, ಅಂದರೆ ನಮ್ಮ ಜಿ.ಆರ್. ವಿಶ್ವನಾಥ್ ಅಂದ ಕೂಡಲೇ ನಮ್ಮ ಮಾತೆಲ್ಲ ಮೂರೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಸ್ಕ್ವೇರ್ ಕಟ್, ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್ ಎದುರು ಹೊಡೆದ 97, ಬಾಂಬೆಯಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದದ್ದು. ಮೂರೂ ಮಾತಾಡಬೇಕಾದ ವಿಷಯಗಳೇ. ಎಷ್ಟು ಸಲ ಕೇಳಿದರೂ ನನಗೆ ಬೇಜಾರಾಗುವುದಿಲ್ಲ. ಆದರೆ 1992ರಿಂದ 1996ರವರೆಗೆ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದರು ಅನ್ನುವುದನ್ನು ಯಾರೂ ಎತ್ತುವುದೇ ಇಲ್ಲ. ಆ ನಾಲ್ಕು ವರ್ಷಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಟದ ಲೆಕ್ಕ, ಹೊಸಬರಿಗಾಗಿ. ಹುಟ್ಟಿದ್ದು ಭದ್ರಾವತಿಯಲ್ಲಿ, 1949ರ ಫೆಬ್ರವರಿ 12. ಮೈಸೂರು ತಂಡಕ್ಕೆ ಮೊದಲ ರಣಜಿ ಪಂದ್ಯ 1967ರಲ್ಲಿ, ವಿಜಯವಾಡದಲ್ಲಿ ಆಂಧ್ರದ ಎದುರು. ಹದಿನೆಂಟು ವರ್ಷದ ಹುಡುಗ ನೇರ 230 ಹೊಡೆದ. ಟೆಸ್ಟ್‌ಗೆ ಬಂದದ್ದು 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ, ಆಸ್ಟ್ರೇಲಿಯಾ ಎದುರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಲ್ಲಿಂದ 1983ರ ಕರಾಚಿ ಟೆಸ್ಟ್‌ವರೆಗೆ ಒಟ್ಟು 91 ಟೆಸ್ಟ್, 6080 ರನ್, 14 ಶತಕ, ಸರಾಸರಿ 41.93. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ.

ಈಗ ನನ್ನ ಮಾತು. ಕಾನ್ಪುರದ ಆ ಸೊನ್ನೆ ಆದಮೇಲೆ ನಾಯಕ ಪಟೌಡಿ ಬಂದು ಧೈರ್ಯ ತುಂಬಿದರು ಅಂತ ವಿಶಿ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆಗ ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟ್. ಹಳಬರನ್ನು ಬದಿಗಿಟ್ಟು ಹುಡುಗರನ್ನು ತರಬೇಕು ಅಂತ ಹಟ ಹಿಡಿದಿದ್ದ ಮನುಷ್ಯ. ಆ ಒಂದೇ ಸೀಸನ್ನಿನಲ್ಲಿ ಚೇತನ್ ಚೌಹಾಣ್, ಏಕನಾಥ್ ಸೋಲ್ಕರ್, ಮೊಹಿಂದರ್ ಅಮರನಾಥ್, ನಮ್ಮ ವಿಶಿ ಎಲ್ಲರೂ ಬಂದರು. ಅಂದರೆ ಒಬ್ಬ ಸೆಲೆಕ್ಟರ್ ಧೈರ್ಯ ಮಾಡಿದರೆ, ಒಬ್ಬ ನಾಯಕ ಬೆನ್ನಿಗೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ವಿಶಿಯೇ ಸಾಕ್ಷಿ. ಆ ಕುರ್ಚಿಗೆ ತಾನೇ ಬಂದಾಗ ಅದನ್ನು ಅವರು ಮರೆಯಲಿಲ್ಲ. 1996ರ ಇಂಗ್ಲೆಂಡ್ ಟೂರ್‌ಗೆ ಹೋದ ತಂಡ ನೋಡಿ. ದ್ರಾವಿಡ್, ಗಂಗೂಲಿ, ವೆಂಕಟೇಶ್ ಪ್ರಸಾದ್, ಸುನೀಲ್ ಜೋಶಿ, ವಿಕ್ರಮ್ ರಾಥೋಡ್, ಪಾರಸ್ ಮಾಂಬ್ರೆ. ಇವರೆಲ್ಲರೂ ಮೊದಲ ಟೆಸ್ಟ್ ಆಡಿದ್ದು ಆ ಒಂದೇ ಟೂರ್‌ನಲ್ಲಿ.

ನಿಮಗೆಲ್ಲ ಏನನ್ನಿಸುತ್ತದೆ?

ಮೂರನೇ_ಸ್ಲಿಪ್:

ಒಳ್ಳೆ ವಿಷಯ ಎತ್ತಿದ್ದೀರಿ ಸರ್, ಆದರೆ ನಾನು ಪೂರ್ತಿ ಒಪ್ಪುವುದಿಲ್ಲ.

ಆಟಗಾರನಾಗಿ ವಿಶಿ ದೊಡ್ಡವರು, ಎರಡು ಮಾತಿಲ್ಲ. ಸೆಲೆಕ್ಟರ್ ಅಂತ ಬಂದರೆ ಲೆಕ್ಕ ಬೇರೆ. 1996ರ ಆ ತಂಡದಲ್ಲಿ ಗಂಗೂಲಿಗಾಗಿ ವಾದ ಮಾಡಿದ್ದು ಪೂರ್ವ ವಲಯದ ಸೆಲೆಕ್ಟರ್ ಸಂಬರಣ್ ಬ್ಯಾನರ್ಜಿ. ಅವರೇ ಅದನ್ನು ಹಲವು ಸಲ ಹೇಳಿದ್ದಾರೆ. ದ್ರಾವಿಡ್ ಲಾರ್ಡ್ಸ್‌ನಲ್ಲಿ ಆಡಿದ್ದು ಮಾಂಜ್ರೇಕರ್ ಕಾಲು ನೋವು ಮಾಡಿಕೊಂಡಿದ್ದಕ್ಕೆ. ಸಿಧು ಟೂರ್ ಮಧ್ಯೆ ಸಿಟ್ಟಾಗಿ ಮನೆಗೆ ಹೊರಟುಬಿಟ್ಟರು, ಜಾಗ ಇನ್ನೂ ಖಾಲಿಯಾಯಿತು. ಅದೃಷ್ಟ ಕೂಡಿ ಬಂದದ್ದನ್ನೆಲ್ಲ ಅಧ್ಯಕ್ಷರ ದೂರದೃಷ್ಟಿ ಅನ್ನುವುದು ಸರಿಯಾ? ಅದಕ್ಕೂ ಮೊದಲು, ಅದೇ ವರ್ಷದ ವಿಶ್ವಕಪ್‌ಗೆ ದ್ರಾವಿಡ್‌ನನ್ನು ತಗೊಂಡಿರಲಿಲ್ಲ. ಅದೂ ಇದೇ ಸಮಿತಿ ತಾನೆ.

ಸ್ಕ್ವೇರ್‌ಕಟ್_ಪ್ರಿಯ:

ಸಂಬರಣ್ ಬ್ಯಾನರ್ಜಿ ವಾದ ಮಾಡಿದರು ಅನ್ನುವುದನ್ನು ನಾನೂ ಒಪ್ಪುತ್ತೇನೆ, ಅವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಆದರೆ ಸಮಿತಿಯಲ್ಲಿ ಇದ್ದದ್ದು ಐದು ಜನ. ವಲಯಕ್ಕೊಬ್ಬರು. ಒಬ್ಬರು ಎಷ್ಟೇ ಕೂಗಾಡಿದರೂ ಉಳಿದವರು ಹೂಂ ಅನ್ನದಿದ್ದರೆ ಹೆಸರು ಪಟ್ಟಿಗೆ ಬರುವುದಿಲ್ಲ. ಗಂಗೂಲಿ ಆಗ ನಾಲ್ಕು ವರ್ಷ ಹಿಂದೆ ಆಸ್ಟ್ರೇಲಿಯಾದಲ್ಲಿ ಒಂದೇ ಒಂದು ಒನ್‌ಡೇ ಆಡಿ ಬದಿಗೆ ಬಿದ್ದಿದ್ದ ಹುಡುಗ. ಅಂಥವನನ್ನು ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರೆ ಪತ್ರಿಕೆಯವರು ಅಧ್ಯಕ್ಷರನ್ನೇ ಬೈಯುವುದು. ಕೋಟಾ ಸೆಲೆಕ್ಷನ್ ಅಂತ ಆಗ ಬರೆದರು ಕೂಡ. ಆ ಬೈಗುಳಕ್ಕೆ ತಲೆ ಕೊಡಲು ತಯಾರಿದ್ದ ಅಧ್ಯಕ್ಷರು ಬೇಕಿತ್ತು, ಇದ್ದರು.

ಇನ್ನು ಮಾಂಜ್ರೇಕರ್ ಗಾಯ. ಗಾಯ ಯಾವಾಗಲೂ ಆಗುತ್ತದೆ ಗುರುಗಳೇ. ಆದಾಗ ಡ್ರೆಸಿಂಗ್ ರೂಮಿನಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಸೆಲೆಕ್ಷನ್. ಲಾರ್ಡ್ಸ್‌ನಲ್ಲಿ ಗಂಗೂಲಿ 131, ಏಳನೇ ಕ್ರಮಾಂಕದಲ್ಲಿ ಬಂದ ದ್ರಾವಿಡ್ 95. ಬೌಲಿಂಗ್‌ನಲ್ಲಿ ಪ್ರಸಾದ್ 76 ರನ್ನಿಗೆ 5 ವಿಕೆಟ್. ಮೂವರೂ ಹೊಸಬರು.

ಭದ್ರಾ_ತೀರ:

ನಾನು ಆಟದ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೆಲೆಕ್ಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮನೆಯಲ್ಲಿ ವಿಶಿ ಅಂದರೆ ರೇಡಿಯೋ. ಅಪ್ಪ ಕಾಮೆಂಟರಿ ಹಾಕಿದರೆ ಯಾರೂ ಮಾತಾಡುವ ಹಾಗಿರಲಿಲ್ಲ. ಭದ್ರಾವತಿ ಕಡೆಯವರಿಗೆ ಅವರು ಸುಮ್ನೆ ಒಬ್ಬ ಆಟಗಾರ ಅಲ್ಲ, ನಮ್ಮೂರಲ್ಲಿ ಹುಟ್ಟಿದವರು.

1975ರ ಜನವರಿ, ಮದ್ರಾಸಿನ ಚೆಪಾಕ್ ಮೈದಾನ, ವೆಸ್ಟ್ ಇಂಡೀಸ್ ಎದುರು. ಗವಾಸ್ಕರ್ ಗಾಯಗೊಂಡು ಆಚೆ ಕೂತಿದ್ದರು. ರಾಬರ್ಟ್ಸ್ ಅಂದು 64 ರನ್ ಕೊಟ್ಟು 7 ವಿಕೆಟ್ ಕಿತ್ತರು. ಇಡೀ ತಂಡದ ಮೊತ್ತ 190. ಅದರಲ್ಲಿ 97 ಒಬ್ಬರದೇ, ಔಟಾಗದೆ. ಕೊನೆಗೆ ಬಿಷನ್ ಬೇಡಿ, ಚಂದ್ರಶೇಖರ್ ಥರದವರನ್ನು ಜೊತೆಗಿಟ್ಟುಕೊಂಡು ಆಡಿದ ಇನಿಂಗ್ಸ್ ಅದು. ಶತಕಕ್ಕೆ ಮೂರು ರನ್ ಬೇಕಿದ್ದಾಗ ಚಂದ್ರ ಔಟಾದರು. ಅದರ ಬಗ್ಗೆ ವಿಶಿ ಯಾವತ್ತೂ ಒಂದು ಕೊಂಕು ಮಾತಾಡಿದ್ದನ್ನು ನಾನು ಕೇಳಿಲ್ಲ. ಭಾರತ ಆ ಟೆಸ್ಟನ್ನು 100 ರನ್ನಿಂದ ಗೆದ್ದಿತು. ಅದಕ್ಕೆ ಮುಂಚೆ ಕಲ್ಕತ್ತಾದಲ್ಲಿ ಅವರದೇ 139, ಅದೂ ಗೆಲುವು. ಆ ಸರಣಿಯಲ್ಲಿ ಒಟ್ಟು 568 ರನ್. ಮೊದಲೆರಡು ಟೆಸ್ಟ್ ಸೋತು ಕುಸಿದಿದ್ದ ತಂಡವನ್ನು 2-2ಕ್ಕೆ ತಂದು ನಿಲ್ಲಿಸಿದ್ದರು. ಕೊನೆಯದು ಬಾಂಬೆಯಲ್ಲಿ ಸೋತೆವು, ಅಲ್ಲೂ ಅವರದು 95.

ಸ್ಕ್ವೇರ್ ಕಟ್ ಬಗ್ಗೆ ಒಂದು ಮಾತು. ಅಷ್ಟು ಗಿಡ್ಡ ಮನುಷ್ಯ, ಬಾಲ್ ಎದೆ ಎತ್ತರಕ್ಕೆ ಬರುತ್ತಿತ್ತು. ಬೇರೆಯವರು ಬ್ಯಾಟನ್ನು ಬೀಸಿ ಕಟ್ ಮಾಡುತ್ತಾರೆ. ಇವರು ಬಾಲ್ ತನ್ನನ್ನು ದಾಟಿ ಹೋಗುವ ಹೊತ್ತಿಗೆ, ಇನ್ನೇನು ಕೀಪರ್ ಕೈ ಸೇರಬೇಕು ಅನ್ನುವಾಗ ಮಣಿಕಟ್ಟು ತಿರುವುತ್ತಿದ್ದರು. ಬ್ಯಾಟು ಮೇಲಿಂದ ಕೆಳಗೆ ಬರುತ್ತಿದ್ದರಿಂದ ಬಾಲ್ ನೆಲ ಬಿಟ್ಟು ಏಳುತ್ತಿರಲಿಲ್ಲ. ಪಾಯಿಂಟ್‌ನಲ್ಲಿ ನಿಂತವನ ಎಡಕ್ಕೋ ಬಲಕ್ಕೋ ಅನ್ನುವುದನ್ನು ಕೊನೇ ಗಳಿಗೆಯಲ್ಲಿ ಅವರ ಮಣಿಕಟ್ಟೇ ತೀರ್ಮಾನ ಮಾಡುತ್ತಿತ್ತು. ಹಳೇ ವೀಡಿಯೋ ತುಣುಕುಗಳು ಸಿಕ್ಕರೆ ನಿಧಾನ ಮಾಡಿಕೊಂಡು ನೋಡಿ, ಅವರ ಪಾದ ನೋಡಿ, ಕೈ ಅಲ್ಲ. ಬಲಗಾಲು ಹಿಂದಕ್ಕೆ ಅಡ್ಡ ಹೋಗಿ ಎಷ್ಟು ಹೊತ್ತು ಮೊದಲೇ ಊರಿರುತ್ತದೆ ಅಂತ.

ರಣಜಿ_ಹುಚ್ಚು:

ಭದ್ರಾ ಅಣ್ಣ ಟೆಸ್ಟ್ ಹೇಳಿದರು, ನಾನು ರಣಜಿ ಹೇಳದೆ ಬಿಡುವುದಿಲ್ಲ.

1973-74. ಅಲ್ಲಿಯವರೆಗೆ ಮೈಸೂರು ಅಂತಿದ್ದ ತಂಡ ಕರ್ನಾಟಕ ಅನ್ನುವ ಹೆಸರಲ್ಲಿ ಆಡಿದ ಮೊದಲ ಸೀಸನ್. ಬಾಂಬೆಯವರು ಸತತ 15 ವರ್ಷ ಕಪ್ ಗೆದ್ದು ಕೂತಿದ್ದರು. ಸೆಮಿಫೈನಲ್ ಬೆಂಗಳೂರಿನಲ್ಲಿ. ವಿಶಿ 162 ಹೊಡೆದರು, ಬ್ರಿಜೇಶ್ ಪಟೇಲ್ ಕೂಡ ಶತಕ ಹೊಡೆದರು. ಆಮೇಲೆ ಪ್ರಸನ್ನ, ಚಂದ್ರ ಬೌಲಿಂಗ್. ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ರನ್ ಔಟ್ ಆದದ್ದೇ ತಿರುವು. ಮೊದಲ ಇನಿಂಗ್ಸ್ ಮುನ್ನಡೆ ಸಿಕ್ಕಿತು, ಅದರ ಮೇಲೇ ಫೈನಲ್ ತಲುಪಿದರು, ಫೈನಲ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದರು. 1977-78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ಎದುರು ವಿಶಿ 247.

ಒಂದು ವಿಷಯ ಗಮನಿಸಿ. ಆ ದಿನ ರನ್ ಔಟ್ ಆದ ಅದೇ ವಾಡೇಕರ್ 1992ರಿಂದ ಭಾರತ ತಂಡದ ಮ್ಯಾನೇಜರ್. ಆಯ್ಕೆ ಸಮಿತಿ ಅಧ್ಯಕ್ಷ ವಿಶಿ. ನಾಯಕ ಅಜರ್, ಅಂದರೆ ಮೊಹಮ್ಮದ್ ಅಜರುದ್ದೀನ್. ಈ ಮೂವರು ಒಟ್ಟಿಗೆ ಕೂತು ಕಟ್ಟಿದ ತಂಡ ತವರಿನಲ್ಲಿ ಏನು ಮಾಡಿತು ನೋಡಿ: 1993ರಲ್ಲಿ ಇಂಗ್ಲೆಂಡ್ ಎದುರು 3-0, ಜಿಂಬಾಬ್ವೆ ಎದುರು ಒಂದೇ ಟೆಸ್ಟ್, ಅದೂ ಗೆಲುವು. 1994ರಲ್ಲಿ ಶ್ರೀಲಂಕಾ ಎದುರು 3-0. ವೆಸ್ಟ್ ಇಂಡೀಸ್ ಜೊತೆ 1-1. 1995ರಲ್ಲಿ ನ್ಯೂಜಿಲೆಂಡ್ ಎದುರು 1-0. ಈ ಅಷ್ಟೂ ಸರಣಿಗಳಲ್ಲಿ ಸೋತದ್ದು ಒಂದೇ ಟೆಸ್ಟ್, ಮೊಹಾಲಿಯಲ್ಲಿ ವೆಸ್ಟ್ ಇಂಡೀಸ್ ಎದುರು. ಇದನ್ನು ಅದೃಷ್ಟ ಅನ್ನಬೇಡಿ ದಯವಿಟ್ಟು.

ಲೇಟ್_ಸ್ವಿಂಗ್:

ತವರಿನ ಲೆಕ್ಕ ಎಲ್ಲರಿಗೂ ಗೊತ್ತು. ಮೊದಲ ದಿನದಿಂದಲೇ ತಿರುಗುವ ಪಿಚ್, ಮೂರು ಸ್ಪಿನ್ನರ್. ಅದೇ ಕಾಲದಲ್ಲಿ ಆಚೆ ಹೋಗಿ ಗೆದ್ದ ಟೆಸ್ಟ್ ಎಷ್ಟು? 1993ರಲ್ಲಿ ಕೊಲಂಬೊದಲ್ಲಿ ಒಂದು, ಮುಗೀತು.

ನನ್ನ ನಿಜವಾದ ಸಿಟ್ಟು ಶ್ರೀನಾಥ್ ವಿಷಯದಲ್ಲಿ. ಮೈಸೂರಿನ ಹುಡುಗ, ಆಗ ದೇಶದಲ್ಲೇ ಎಲ್ಲರಿಗಿಂತ ವೇಗ. 1991ರ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ. ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು ಯಾವಾಗ ಗೊತ್ತಾ? 1994ರ ನವೆಂಬರ್, ವಾಂಖೆಡೆ. ಮೂರು ವರ್ಷ! ವೇಗದ ಬೌಲರ್‌ಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಅಂದರೆ ಬಂಗಾರದಂಥ ವಯಸ್ಸು. ಆ ವಯಸ್ಸಿನಲ್ಲಿ ಆತ ಟವೆಲ್, ನೀರಿನ ಬಾಟಲಿ ಹಿಡಿದುಕೊಂಡು ಬೌಂಡರಿ ಗೆರೆ ಹತ್ತಿರ ಕೂತಿದ್ದ. ಕಾರಣ ಕಪಿಲ್ ದೇವ್ ಅವರು ಅತಿ ಹೆಚ್ಚು ಟೆಸ್ಟ್ ವಿಕೆಟ್ ತೆಗೆದ ಹ್ಯಾಡ್ಲಿ ದಾಖಲೆ ಮುರಿಯಬೇಕಿತ್ತು. 1994ರ ಫೆಬ್ರವರಿಯಲ್ಲಿ ಅಹಮದಾಬಾದ್‌ನಲ್ಲಿ 432ನೇ ವಿಕೆಟ್ ಬರುವವರೆಗೂ ಕಾದರು. ಕಪಿಲ್ ಬಗ್ಗೆ ನನಗೆ ಅಪಾರ ಗೌರವ, ಆದರೆ ಆ ಕೊನೆಯ ಒಂದೂವರೆ ವರ್ಷದಲ್ಲಿ ಅವರ ವೇಗ ಹೋಗಿತ್ತು. ಅಧ್ಯಕ್ಷ ಕರ್ನಾಟಕದವರು, ಕಾಯುತ್ತಿದ್ದ ಹುಡುಗನೂ ಕರ್ನಾಟಕದವನು. ಒಂದು ಮಾತು ಆಡಬಹುದಿತ್ತಲ್ವಾ?

ಶ್ರೀನಾಥ್ ಕೊನೆಗೆ 236 ವಿಕೆಟ್‌ಗೆ ನಿಂತರು. ಆ ಮೂರು ವರ್ಷ ಸಿಕ್ಕಿದ್ದರೆ 300 ದಾಟುತ್ತಿದ್ದರು ಅಂತ ನನ್ನ ನಂಬಿಕೆ.

ಚೆಪಾಕ್_ಗ್ಯಾಲರಿ:

ಶ್ರೀನಾಥ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಾನು ಕೆಲಸದ ಮೇಲೆ ಮದ್ರಾಸಿನಲ್ಲೇ ಉಳಿದುಕೊಂಡವನು, 1982ರ ಜನವರಿಯಲ್ಲಿ ಇಂಗ್ಲೆಂಡ್ ಎದುರು ವಿಶಿ ಹೊಡೆದ 222 ನೋಡಿದ್ದೇನೆ. ಅದು ಟೆಸ್ಟ್‌ನಲ್ಲಿ ಅವರ ಅತಿ ಹೆಚ್ಚಿನ ಸ್ಕೋರು. ಯಶ್‌ಪಾಲ್ ಶರ್ಮಾ ಜೊತೆ 316 ರನ್, ಒಂದು ಇಡೀ ದಿನ ವಿಕೆಟ್ಟೇ ಬೀಳಲಿಲ್ಲ.

ಇರಲಿ, ಶ್ರೀನಾಥ್. ಸೆಲೆಕ್ಟರ್‌ಗಳ ಕೆಲಸ ತಂಡದ ಪಟ್ಟಿ ಕೊಡುವುದು. ಶ್ರೀನಾಥ್ ಹೆಚ್ಚು ಕಡಿಮೆ ಎಲ್ಲಾ ಸಲವೂ ಪಟ್ಟಿಯಲ್ಲಿ ಇದ್ದೇ ಇದ್ದರು. ಹನ್ನೊಂದರಲ್ಲಿ ಆಡಿಸಲಿಲ್ಲ, ಅಷ್ಟೇ. ತಿರುಗುವ ಪಿಚ್‌ನಲ್ಲಿ ಕುಂಬ್ಳೆ, ರಾಜು, ರಾಜೇಶ್ ಚೌಹಾಣ್ ಮೂವರೂ ಬೇಕು ಅಂದರೆ ಉಳಿಯುವುದು ಎರಡೇ ಜಾಗ. ಕಪಿಲ್, ಪ್ರಭಾಕರ್ ಇಬ್ಬರೂ ಬ್ಯಾಟ್ ಮಾಡುತ್ತಾರೆ. ನಾಯಕ, ಮ್ಯಾನೇಜರ್ ಹೋಗುವ ದಾರಿ ಅದೇ. ಇದನ್ನು ಅಧ್ಯಕ್ಷರ ತಲೆಗೆ ಕಟ್ಟಬೇಡಿ.

ಲೇಟ್_ಸ್ವಿಂಗ್:

ಪಟ್ಟಿಯಲ್ಲಿ ಕಪಿಲ್ ಇರಬೇಕೋ ಬೇಡವೋ ಅನ್ನುವುದು ಸೆಲೆಕ್ಟರ್ ಕೈಯಲ್ಲೇ ಇತ್ತು ಸರ್. ಹೆಸರು ಬರೆದ ಮೇಲೆ ಕಪಿಲ್‌ರನ್ನು ಹೊರಗೆ ಕೂರಿಸುವ ನಾಯಕ ಯಾರಿದ್ದಾರೆ? ಹಾಗಾಗಿ ಜವಾಬ್ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಸ್ಕ್ವೇರ್‌ಕಟ್_ಪ್ರಿಯ:

ಲೇಟ್_ಸ್ವಿಂಗ್ ಹೇಳಿದ್ದರಲ್ಲಿ ನ್ಯಾಯ ಇದೆ. ಶ್ರೀನಾಥ್ ಕಾದದ್ದು ಜಾಸ್ತಿ ಆಯಿತು ಅನ್ನುವುದನ್ನು ನಾನು ಯಾವತ್ತೂ ಹೇಳುತ್ತಲೇ ಬಂದಿದ್ದೇನೆ. ಕಪಿಲ್‌ಗೆ ಒಂದು ಸರಣಿ ಮೊದಲೇ ಮರ್ಯಾದೆಯಿಂದ ಬೀಳ್ಕೊಡಬಹುದಿತ್ತು.

ಆದರೆ ಇದೇ ವಿಷಯವನ್ನು ಇನ್ನೊಂದು ಕಡೆಯಿಂದಲೂ ನೋಡಿ. ಆ ಕಾಲದ ವಲಯ ಪದ್ಧತಿ ನೆನಪಿದೆಯಾ? ಪ್ರತಿ ಸೆಲೆಕ್ಟರ್ ಮೇಲೂ ತನ್ನ ವಲಯದ, ತನ್ನ ರಾಜ್ಯದ ಹುಡುಗನನ್ನು ತೂರಿಸಬೇಕು ಅನ್ನುವ ಒತ್ತಡ. ಊರಿನ ಅಸೋಸಿಯೇಷನ್, ಊರಿನ ಪತ್ರಿಕೆ, ಹಳೇ ಸ್ನೇಹಿತರು ಎಲ್ಲರೂ ಕೇಳುವವರೇ. ಸಂಬಳವೂ ಇಲ್ಲ, ಸೆಲೆಕ್ಟರ್‌ಗಳಿಗೆ ಸಂಬಳ ಬಂದದ್ದು 2008ರಲ್ಲಿ. ಅಂಥ ಕಾಲದಲ್ಲಿ ಕರ್ನಾಟಕದ ಅಧ್ಯಕ್ಷರ ಕೆಳಗೆ ಕರ್ನಾಟಕದ ಅತಿ ವೇಗದ ಬೌಲರ್ ಸರದಿಯಲ್ಲಿ ನಿಂತು ಕಾದ. 1996ರಲ್ಲಿ ಕರ್ನಾಟಕದವರು ಸಾಲಾಗಿ ತಂಡದಲ್ಲಿ ಕಂಡಾಗ ಬೇರೆ ಕಡೆಯವರು ಲಾಬಿ ಅಂದರು. ಶ್ರೀನಾಥ್ ಕಾದದ್ದೇ ಆ ಮಾತಿಗೆ ಉತ್ತರ. ವಿಶಿ ಊರು ನೋಡಿ ಆರಿಸುವವರಾಗಿದ್ದರೆ ಮೊದಲು ಆರಿಸಬೇಕಿದ್ದದ್ದು ಶ್ರೀನಾಥ್‌ನನ್ನು.

ಪ್ರಸಾದ್, ಜೋಶಿ, ದ್ರಾವಿಡ್ ರಣಜಿಯಲ್ಲಿ ದುಡಿದು ಬಂದವರು. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಿತ್ತು. ಗೆದ್ದ ತಂಡದಿಂದ ಆರಿಸದೆ ಇನ್ನೆಲ್ಲಿಂದ ಆರಿಸಬೇಕು?

ಮೂರನೇ_ಸ್ಲಿಪ್:

ಸರಿ, ಪಕ್ಷಪಾತ ಇರಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ನನ್ನ ತಕರಾರು ಅದಲ್ಲ. ಕಾಂಬ್ಳಿ ಮತ್ತು ಆಮ್ರೆ.

ವಿನೋದ್ ಕಾಂಬ್ಳಿ 17 ಟೆಸ್ಟ್, ಸರಾಸರಿ 54.20. ವಾಂಖೆಡೆಯಲ್ಲಿ ಇಂಗ್ಲೆಂಡ್ ಎದುರು 224, ಮುಂದಿನ ಟೆಸ್ಟ್‌ನಲ್ಲೇ ದಿಲ್ಲಿಯಲ್ಲಿ ಜಿಂಬಾಬ್ವೆ ಎದುರು 227. 1995ರ ನವೆಂಬರ್‌ನಲ್ಲಿ ಕೊನೆಯ ಟೆಸ್ಟ್ ಆಡಿದಾಗ ಇನ್ನೂ 23 ವರ್ಷ. ಪ್ರವೀಣ್ ಆಮ್ರೆ ಡರ್ಬನ್‌ನಲ್ಲಿ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ, 11 ಟೆಸ್ಟ್, ಸರಾಸರಿ 42 ದಾಟಿತ್ತು. 1993ರ ನಂತರ ಮತ್ತೆ ಟೆಸ್ಟೇ ಆಡಲಿಲ್ಲ. ಸೊನ್ನೆ ಹೊಡೆದ ಹುಡುಗನಿಗೆ ಧೈರ್ಯ ಕೊಡಬೇಕು ಅನ್ನುವ ಪಾಠ ಕಲಿತವರು ಅಂತ ನೀವು ಬರೆದಿರಿ. ಹಾಗಾದರೆ ಈ ಇಬ್ಬರಿಗೆ ಯಾಕೆ ಸಿಗಲಿಲ್ಲ?

ಭದ್ರಾ_ತೀರ:

ಆಮ್ರೆ ವಿಷಯ ನನಗೂ ಇವತ್ತಿಗೂ ನೋವು. ಆರನೇ ಕ್ರಮಾಂಕದಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವ ಆಟಗಾರ ಆಗ ಬೇರೆ ಯಾರಿದ್ದರು? ಕೈಬಿಟ್ಟದ್ದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಇದು ಆ ಸಮಿತಿಯ ಲೆಕ್ಕದಲ್ಲಿ ತಪ್ಪು ಅಂತಲೇ ಬರೆಯಿರಿ.

ಕಾಂಬ್ಳಿ ಕಥೆ ಬೇರೆ. 1994ರ ಕೊನೆಯಲ್ಲಿ ವಾಲ್ಷ್, ಕೆನ್ನಿ ಬೆಂಜಮಿನ್ ಪಕ್ಕೆಗೆ ಹಾಕಿದ ಬಾಲ್‌ಗೆ ಆತನ ಹತ್ತಿರ ಉತ್ತರ ಇರಲಿಲ್ಲ. ಆದರೂ ಸಮಿತಿ ಒಂದೇ ಏಟಿಗೆ ಬಾಗಿಲು ಹಾಕಲಿಲ್ಲ. ಮುಂದಿನ ವರ್ಷ ನ್ಯೂಜಿಲೆಂಡ್ ಎದುರು ಟೆಸ್ಟ್ ಆಡಿಸಿದರು, ವಿಶ್ವಕಪ್‌ಗೂ ತಗೊಂಡರು. ಅವನ ಒನ್‌ಡೇ ಆಟ 2000ದವರೆಗೂ ನಡೆಯಿತು. ವಿಶಿ 1996ರಲ್ಲೇ ಕೆಳಗಿಳಿದರು. ಆಮೇಲೆ ಬಂದ ಯಾವ ಸಮಿತಿಯೂ ಕಾಂಬ್ಳಿಯನ್ನು ಟೆಸ್ಟ್‌ಗೆ ಕರೆಯಲಿಲ್ಲ.

ರಣಜಿ_ಹುಚ್ಚು:

ಇನ್ನೊಂದು ನಿರ್ಧಾರ ಯಾರೂ ಹೇಳಲಿಲ್ಲ. ಕಿರಣ್ ಮೋರೆ ನಂತರ ನಯನ್ ಮೊಂಗಿಯಾ. 1994ರ ಜನವರಿಯಲ್ಲಿ ಲಖನೌ ಟೆಸ್ಟ್‌ನಲ್ಲಿ ಮೊಂಗಿಯಾ ಬಂದ ಮೇಲೆ ಕೀಪಿಂಗ್ ಬಗ್ಗೆ ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕುಂಬ್ಳೆಯ ಚಿಮ್ಮುವ ಬಾಲ್‌ಗಳಿಗೆ, ಒಡೆದ ಪಿಚ್‌ನಲ್ಲಿ, ಸ್ಟಂಪ್ ಹಿಂದೆ ಕೂತು ಕೀಪಿಂಗ್ ಮಾಡುವುದು ಹುಡುಗಾಟ ಅಲ್ಲ. ಅಜರ್ ವಿಷಯವೂ ಅಷ್ಟೇ. ದಕ್ಷಿಣ ಆಫ್ರಿಕಾದಲ್ಲಿ ಸೋತು ಬಂದಾಗ ನಾಯಕತ್ವ ಕಿತ್ತುಕೊಳ್ಳಿ ಅಂತ ದೇಶವೇ ಕೂಗುತ್ತಿತ್ತು. ಉಳಿಸಿಕೊಂಡರು. ಮುಂದೆ ಇಂಗ್ಲೆಂಡ್ ಎದುರು ಕಲ್ಕತ್ತಾದಲ್ಲಿ ಅಜರ್ 182 ಹೊಡೆದರು, ಕುಂಬ್ಳೆ ಮೂರು ಟೆಸ್ಟ್‌ನಲ್ಲಿ 21 ವಿಕೆಟ್ ತೆಗೆದರು. ಕೂಗು ನಿಂತಿತು.

ಲೇಟ್_ಸ್ವಿಂಗ್:

ಅಜರ್ ವಿಷಯ ಒಪ್ಪಿದೆ. ಆಗ ಬದಲಾಯಿಸಿದ್ದರೆ ತಂಡ ಚೆಲ್ಲಾಪಿಲ್ಲಿ ಆಗುತ್ತಿತ್ತು.

ಒಂದು ಪ್ರಶ್ನೆ, ನಿಜವಾಗಿಯೂ ತಿಳಿಯಬೇಕು ಅಂತ ಕೇಳುತ್ತಿದ್ದೇನೆ. ವಿಶಿ ತುಂಬಾ ಮೃದು ಸ್ವಭಾವದವರು ಅಂತಾರೆ. ಸೆಲೆಕ್ಟರ್‌ಗೆ ಕಲ್ಲಿನಂಥ ಮನಸ್ಸು ಬೇಕಲ್ವಾ? ಬಾಬ್ ಟೇಲರ್ ಪ್ರಸಂಗ ನೋಡಿ. 1980ರ ಫೆಬ್ರವರಿ, ಸುವರ್ಣ ಮಹೋತ್ಸವ ಟೆಸ್ಟ್. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡಿತ್ತು. ಅಂಪೈರ್ ಬೆರಳು ಎತ್ತಿಯೂ ಆಗಿತ್ತು. ನಾಯಕ ವಿಶಿ ಮೊದಲ ಸ್ಲಿಪ್‌ನಿಂದ ಬಂದು, ಬ್ಯಾಟಿಗೆ ತಾಗಿಲ್ಲ ಅಂತ ಹೇಳಿ ಟೇಲರ್‌ನನ್ನು ವಾಪಸ್ ಕರೆದರು. ಟೇಲರ್ 43, ಬೋಥಮ್ 114, ಇಬ್ಬರೂ ಸೇರಿ 171. ಅದರ ಮೇಲೆ ಬೋಥಮ್ ತೆಗೆದ 13 ವಿಕೆಟ್ ಬೇರೆ. ನಾವು 10 ವಿಕೆಟ್‌ನಿಂದ ಸೋತೆವು. ಅವರು ನಾಯಕರಾಗಿದ್ದು ಎರಡೇ ಟೆಸ್ಟ್, ಅದರಲ್ಲಿ ಇದು ಎರಡನೆಯದು. ಮತ್ತೆ ನಾಯಕತ್ವ ಬರಲಿಲ್ಲ.

ಚೆಪಾಕ್_ಗ್ಯಾಲರಿ:

ಅದನ್ನು ಮೃದು ಅಂತ ಹೇಗೆ ಹೇಳುತ್ತೀರಿ? ನನ್ನ ಲೆಕ್ಕದಲ್ಲಿ ಅದಕ್ಕಿಂತ ಗಟ್ಟಿ ನಿರ್ಧಾರ ಇಲ್ಲ. ಐವತ್ತು ವರ್ಷದ ಸಂಭ್ರಮದ ಟೆಸ್ಟ್, ತುಂಬಿದ ವಾಂಖೆಡೆ, ಎದುರಾಳಿ ಕುಸಿದಿದ್ದಾರೆ, ಅಂಪೈರ್ ಔಟ್ ಕೊಟ್ಟಿದ್ದಾರೆ, ಬೌಲ್ ಮಾಡಿದ್ದು ಕಪಿಲ್. ಸುಮ್ಮನಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಷ್ಟೂ ಜನರ ಎದುರು ಹೋಗಿ ಇದು ಔಟ್ ಅಲ್ಲ ಅಂದರು. ಪಂದ್ಯ ಕೈಬಿಟ್ಟು ಹೋದಮೇಲೂ ಅದರ ಬಗ್ಗೆ ಪಶ್ಚಾತ್ತಾಪ ಪಡಲಿಲ್ಲ. ಮುಂದೆ ಐಸಿಸಿಯವರು ಇದೇ ಮನುಷ್ಯನನ್ನು ಮ್ಯಾಚ್ ರೆಫರಿ ಮಾಡಿಕೊಂಡರು, 1999ರಿಂದ 2004ರವರೆಗೆ. ಸುಮ್ಮನೆ ಕರೆದರಾ?

ಹೆಚ್ಚು ಮಾತಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಅದಕ್ಕೇ ನಾವು ಮೃದು ಅಂದುಕೊಂಡುಬಿಡುತ್ತೇವೆ. 1979ರಲ್ಲಿ ಇದೇ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿ ಸಿಲ್ವೆಸ್ಟರ್ ಕ್ಲಾರ್ಕ್ ಎದುರು 124 ಹೊಡೆದಾಗ ಪಿಚ್‌ನಲ್ಲಿ ಬಾಲ್ ಮೂಗಿನ ಹತ್ತಿರ ಹಾರುತ್ತಿತ್ತು. ಇಡೀ ತಂಡ 255. ಮೃದು ಮನುಷ್ಯರು ಅಲ್ಲಿ ನಿಲ್ಲುವುದಿಲ್ಲ.

ಸ್ಕ್ವೇರ್‌ಕಟ್_ಪ್ರಿಯ:

ಚೆಪಾಕ್ ಸರ್ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ವಿಶಿ ಯಾವಾಗ ಆಡುತ್ತಿದ್ದರು ಅನ್ನುವುದನ್ನು ನೋಡಿದರೆ ಅವರ ಮನಸ್ಸಿನ ಗಟ್ಟಿತನ ಗೊತ್ತಾಗುತ್ತದೆ. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್, ವೆಸ್ಟ್ ಇಂಡೀಸ್ ಎದುರು ಗುರಿ 403. ಗವಾಸ್ಕರ್ 102, ಮೊಹಿಂದರ್ 85, ವಿಶಿ 112. ಕೊನೆಗೆ ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ಉಳಿದು ಮುಗಿಸಿದರು. 406ಕ್ಕೆ 4. 1981ರ ಮೆಲ್ಬೋರ್ನ್, ತಂಡದ 237ರಲ್ಲಿ ವಿಶಿಯದು 114. ಆ ಟೆಸ್ಟ್ ಅಂದರೆ ಎಲ್ಲರಿಗೂ ಗವಾಸ್ಕರ್ ಮೈದಾನ ಬಿಟ್ಟು ಹೊರಟದ್ದು, ಕಪಿಲ್ 28ಕ್ಕೆ 5 ತೆಗೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ್ದು ನೆನಪಾಗುತ್ತದೆ. ಆ 114 ಇಲ್ಲದಿದ್ದರೆ ಕಪಿಲ್‌ಗೆ ಬೌಲ್ ಮಾಡಲು ರನ್ನೇ ಇರುತ್ತಿರಲಿಲ್ಲ.

1979ರ ಓವಲ್‌ನಲ್ಲಿ ಇಂಗ್ಲೆಂಡ್ ಎದುರು 438ರ ಗುರಿ ಬೆನ್ನಟ್ಟಿದ್ದಾಗ ಕಪಿಲ್‌ರನ್ನು ಮೊದಲು ಕಳಿಸಿ ವಿಶಿಯನ್ನು ಹಿಂದೆ ಉಳಿಸಿಕೊಂಡರು. ಕಪಿಲ್ ಸೊನ್ನೆ. ನಾವು 9 ರನ್ ಕಡಿಮೆ ಬಿದ್ದು ಡ್ರಾ ಮಾಡಿಕೊಂಡೆವು. ಆ ನಿರ್ಧಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೂರನೇ_ಸ್ಲಿಪ್:

ಓವಲ್ ನೆನಪು ಮಾಡಬೇಡಿ ಸರ್, ಹೊಟ್ಟೆ ಉರಿಯುತ್ತದೆ.

ಈಗ ನನ್ನ ನಿಲುವು ಹೇಳುತ್ತೇನೆ. ತಂಡ ಕಟ್ಟಿದರು, ತವರಿನಲ್ಲಿ ಗೆಲ್ಲಿಸಿದರು, 1996ರಲ್ಲಿ ಹುಡುಗರಿಗೆ ಬಾಗಿಲು ತೆಗೆದರು. ಇಷ್ಟು ಒಪ್ಪುತ್ತೇನೆ. ಹೊರದೇಶಕ್ಕೆ ಬೇಕಾದ ವೇಗದ ಬೌಲಿಂಗ್ ತಯಾರು ಮಾಡಲಿಲ್ಲ, ಆಮ್ರೆಗೆ ಅನ್ಯಾಯ ಆಯಿತು. ಇದನ್ನೂ ಅಷ್ಟೇ ಜೋರಾಗಿ ಹೇಳುತ್ತೇನೆ. ಮರ್ಚೆಂಟ್ ಸಾಲಿಗೆ ಸೇರಿಸುವಷ್ಟು ಅಲ್ಲ.

ಸ್ಕ್ವೇರ್‌ಕಟ್_ಪ್ರಿಯ:

ನಾನು ಸೇರಿಸುತ್ತೇನೆ. ಮರ್ಚೆಂಟ್ ತಂದ ಹುಡುಗರು ಎಪ್ಪತ್ತರ ದಶಕ ಪೂರ್ತಿ ಆಡಿದರು. 1996ರಲ್ಲಿ ಹೋದ ಇಬ್ಬರು ಹುಡುಗರು ಮುಂದೆ ಭಾರತದ ನಾಯಕರಾದರು. ದ್ರಾವಿಡ್ ಆಡಿದ್ದು 2012ರವರೆಗೆ. ಆಮೇಲೆ ಬಂದ ಅಧ್ಯಕ್ಷರಲ್ಲಿ ನಮ್ಮ ಕಿರ್ಮಾನಿ ಇದ್ದಾರೆ, 2020ರಲ್ಲಿ ಕೆಲವು ತಿಂಗಳು ಸುನೀಲ್ ಜೋಶಿಯೂ ಇದ್ದರು. ಯಾರ ಕಾಲದಲ್ಲೂ ಒಂದೇ ಟೂರ್‌ನಿಂದ ಇಷ್ಟು ಫಲ ಬಂದದ್ದು ನನಗೆ ಕಾಣುವುದಿಲ್ಲ.

ರಣಜಿ_ಹುಚ್ಚು:

ಜೋಶಿ ಹೆಸರು ಬಂತಲ್ಲ, ನೋಡಿ, 1996ರ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಗದಗಿನ ಹುಡುಗ. ಆತನನ್ನು ಆರಿಸಿದ್ದು ವಿಶಿ ಸಮಿತಿ. ಮುಂದೆ ಅದೇ ಅಧ್ಯಕ್ಷರ ಕುರ್ಚಿಗೆ ಆತನೂ ಬಂದ.

ಆದರೆ ಲೇಟ್_ಸ್ವಿಂಗ್ ಹೇಳಿದ ಶ್ರೀನಾಥ್ ವಿಷಯ ನನ್ನನ್ನು ಬಿಡುತ್ತಿಲ್ಲ. 1994ರಲ್ಲಿ ಕೊನೆಗೂ ವಾಂಖೆಡೆಯಲ್ಲಿ ಆಡಿದಾಗ ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟಿನಿಂದ 60, ಬಾಲಿನಿಂದ ನಾಲ್ಕು ವಿಕೆಟ್. ವೆಸ್ಟ್ ಇಂಡೀಸ್ ಎದುರು 96 ರನ್ನಿಂದ ಗೆದ್ದೆವು. ಅವಕಾಶ ಕೊಟ್ಟ ಮೊದಲ ದಿನವೇ ಇಷ್ಟು ಮಾಡಿದವನು 1993ರಲ್ಲೂ ಮಾಡುತ್ತಿದ್ದ.

ಲೇಟ್_ಸ್ವಿಂಗ್:

ಅದನ್ನೇ ನಾನು ಹೇಳುತ್ತಿರುವುದು. ಇಂಗ್ಲೆಂಡ್ ಎದುರು ಮೂರು ಟೆಸ್ಟ್‌ನಲ್ಲಿ ಒಂದರಲ್ಲಾದರೂ ಆಡಿಸಿದ್ದರೆ ನಾವೇನೂ ಸೋಲುತ್ತಿರಲಿಲ್ಲ, 3-0 ಗೆದ್ದ ಸರಣಿ ಅದು. ವಿಶಿ ಮೇಲಿನ ಪ್ರೀತಿ ಒಂದು ಕಡೆ ಇರಲಿ, ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.